ಡಿಸ್ಕ್ ಯಾಕೆ ಯಾವಾಗಲೂ ಕೆರೆಗೇ ಹೋಗಿ ಬೀಳುತ್ತದೆ?

ಪ್ರಶ್ನೆ: ನನಗೆ 49 ವರ್ಷ. ಕುಶಾಲನಗರದ ಹತ್ತಿರದ ಒಂದು ಊರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಮತ್ತು ಅವನ ಸ್ನೇಹಿತರು ಜನವರಿಯಲ್ಲಿ ನಮ್ಮೂರ ಕೆರೆ ಪಾರ್ಕಿನಲ್ಲಿ ಒಂಬತ್ತು ಬಾಸ್ಕೆಟ್ ಇಟ್ಟು ಎರಡು ವಾರ ಡಿಸ್ಕ್ ಗಾಲ್ಫ್ ಆಡಿಸಿದರು, ಅಂದರೆ ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ದೂರದಿಂದ ಎಸೆಯುತ್ತಾ ಹೋಗಿ ಸರಪಳಿಯ ಬಾಸ್ಕೆಟ್ಟಿಗೆ ಹಾಕುವ ಆಟ. ನಾನೂ ಆರು ಸಲ ಆಡಿದೆ. ಚೆನ್ನಾಗಿಯೇ ಇತ್ತು. ಆದರೆ ನಾಲ್ಕು ಡಿಸ್ಕ್ ಕೆರೆ ಪಾಲಾಯಿತು. ಬಲಗೈಯಲ್ಲಿ, ಎದೆಯ ಮುಂದಿನಿಂದ ಬೀಸಿ ಎಸೆಯುತ್ತೇನೆ. ಸ್ವಲ್ಪ ದೂರ ನೆಟ್ಟಗೆ ಹೋಗಿ, ಕೊನೆಗೆ ಎಡಕ್ಕೆ ತಿರುಗಿ ನೀರಿಗೆ ಬೀಳುತ್ತದೆ. ನೀರು ಡಿಸ್ಕನ್ನು ಎಳೆಯುತ್ತದೆ ಎಂದು ಒಬ್ಬರು ಹೇಳಿದರು. ಇನ್ನೂ ಭಾರದ್ದು, ಇನ್ನೂ ಸ್ಪೀಡ್ ಇರುವುದನ್ನು ತಗೊಳ್ಳಿ ಎಂದು ಇನ್ನೊಬ್ಬರು ಹೇಳಿದರು. ನನ್ನ ಹತ್ತಿರ ಇರುವ ಡಿಸ್ಕಿನ ಮೇಲೆ 12, 5, -1, 3 ಎಂದು ಬರೆದಿದೆ. ಎಡಕ್ಕೆ ಹೋಗಬಾರದೆಂದು ಕಲ್ಲೆಸೆದ ಹಾಗೆ ಪಕ್ಕದಿಂದ ಎಸೆಯಲು ಹೋಗಿ ಈಗ ಮೊಣಕೈಯ ಒಳಬದಿ ನೋವು. ಮೂರನೇ ಡಿಸ್ಕ್ ತರಲು ಮಗ ನೀರಿಗಿಳಿದು ತೊಡೆಯವರೆಗೆ ಹೂತುಹೋದ. ಅವತ್ತಿನಿಂದ ನಮ್ಮ ಮನೆಯಲ್ಲಿ ಈ ಆಟದ ಹೆಸರು ಎತ್ತುವ ಹಾಗಿಲ್ಲ. ವಾಕಿಂಗ್ ಬರುವವರೂ ತಕರಾರು ತೆಗೆದಿದ್ದಾರೆ. ಏಪ್ರಿಲ್ ರಜೆಯಲ್ಲಿ ಮತ್ತೆ ಬಾಸ್ಕೆಟ್ ಇಡುತ್ತೇವೆ ಅಂತ ಹುಡುಗರು ಕೂತಿದ್ದಾರೆ. ಸರಿ ಅನ್ನಲೋ, ಬೇಡ ಅನ್ನಲೋ? ಪಾರ್ಕಿನ ನಕ್ಷೆಯನ್ನು ಜೊತೆಗೆ ಇಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರಕ್ಕಿಂತ ನಕ್ಷೆಯೇ ನನಗೆ ಜಾಸ್ತಿ ಹೇಳಿತು. ಲೆಕ್ಕದ ಪುಸ್ತಕದಿಂದ ಹರಿದ ಹಾಳೆ, ನೀಲಿ ಪೆನ್ನಿನಲ್ಲಿ ಕೆರೆ, ಕೆಂಪಿನಲ್ಲಿ ಬಾಸ್ಕೆಟ್, ಎಸೆಯುವ ದಿಕ್ಕಿಗೆ ಪುಟ್ಟ ಬಾಣಗಳು. ಆ ಬಾಣಗಳ ಮೇಲೆ ಬೆರಳಿಟ್ಟು ಒಂದು ಸುತ್ತು ಬಂದೆ. ಒಂದನೆಯದರಿಂದ ಒಂಬತ್ತನೆಯದರವರೆಗೂ ಕೆರೆ ನಿಮ್ಮ ಎಡಗಡೆಗೇ ಇದೆ. ಅಂದರೆ ನೀವು ಆರು ದಿನವೂ ಕೆರೆಗೆ ಅಪ್ರದಕ್ಷಿಣೆ ಹಾಕಿದ್ದೀರಿ. ನಾಲ್ಕು ಡಿಸ್ಕ್ ಹೋಗಲು ದೊಡ್ಡ ಕಾರಣ ಇದೇ. ನಿಮ್ಮ ಕೈಯ ತಪ್ಪು ಅದರ ಮುಂದೆ ಸಣ್ಣದು.

ನೀರು ಎಳೆಯುತ್ತದೆ ಅನ್ನುವ ಮಾತು ಹೊಸದಲ್ಲ. ಚೆಂಡಿನ ಗಾಲ್ಫ್ ಆಡುವವರೂ ಇದನ್ನೇ ಹೇಳುತ್ತಾರೆ. ಬಿಟ್ಟಂಗಾಲದ ಕಡೆ ಗಾಲ್ಫ್ ಆಡುವವರು ಯಾರಾದರೂ ಗೊತ್ತಿದ್ದರೆ ಕೇಳಿ ನೋಡಿ, ನಗುತ್ತಾ ಒಪ್ಪಿಕೊಳ್ಳುತ್ತಾರೆ. ಕೆರೆ ಏನನ್ನೂ ಎಳೆಯುವುದಿಲ್ಲ. ಬಯಲಿನಲ್ಲೂ ನಿಮ್ಮ ಡಿಸ್ಕ್ ಅಷ್ಟೇ ಎಡಕ್ಕೆ ಹೋಗುತ್ತಿರುತ್ತದೆ. ಅಲ್ಲಿ ನೀವು ಹತ್ತು ಹೆಜ್ಜೆ ನಡೆದು ಎತ್ತಿಕೊಂಡು ಬರುತ್ತೀರಿ, ಮರೆತುಬಿಡುತ್ತೀರಿ. ನೀರಿಗೆ ಬಿದ್ದದ್ದು ಮಾತ್ರ ಲೆಕ್ಕಕ್ಕೆ ಸೇರುತ್ತದೆ. ಇನ್ನೊಂದು ಮಾತೂ ಇದೆ. ಕೆರೆಯ ಅಂಚಿನ ನೆಲ ನೀರಿನ ಕಡೆಗೇ ಇಳಿಜಾರು. ಅಂಚು ತಗುಲಿ ಬಿದ್ದ ಡಿಸ್ಕ್ ಎದ್ದು ಚಕ್ರದ ಹಾಗೆ ಉರುಳುತ್ತದೆ. ಉರುಳಿದರೆ ಎಲ್ಲಿಗೆ ಹೋಗಬೇಕು ಹೇಳಿ?

ಹಾಗಾದರೆ ಎಡಕ್ಕೆ ಯಾಕೆ? ಬುಗುರಿ ಆಡಿದ್ದೀರಲ್ಲ. ಜೋರಾಗಿ ತಿರುಗುತ್ತಿರುವ ಬುಗುರಿಯ ತಲೆಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದರೆ ಅದು ಮುಂದಕ್ಕೆ ಬಾಗುವುದಿಲ್ಲ. ಪಕ್ಕಕ್ಕೆ ವಾಲುತ್ತದೆ. ತಿರುಗುವ ವಸ್ತುಗಳ ಸ್ವಭಾವವೇ ಅದು, ತಳ್ಳಿದ್ದು ಒಂದು ಕಡೆ, ವಾಲುವುದು ಇನ್ನೊಂದು ಕಡೆ. ಬಲಗೈಯವರು ಎದೆಯ ಮುಂದಿನಿಂದ ಬೀಸಿದ ಡಿಸ್ಕ್, ಅಂದರೆ ಬ್ಯಾಕ್‌ಹ್ಯಾಂಡ್ ಎಸೆತ, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಹೋಗ್ತಾ ಹೋಗ್ತಾ ಅದರ ಓಟ ನಿಧಾನ ಆಗುತ್ತದೆ, ತಿರುಗುವುದು ಮಾತ್ರ ಅಷ್ಟು ಬೇಗ ಕಡಿಮೆ ಆಗುವುದಿಲ್ಲ. ಓಟ ತಗ್ಗಿದಾಗ ಗಾಳಿ ಡಿಸ್ಕಿನ ಮುಂಭಾಗವನ್ನು ಮೇಲಕ್ಕೆ ಎತ್ತಲು ನೋಡುತ್ತದೆ. ಬುಗುರಿಯ ಲೆಕ್ಕದಲ್ಲಿ ಆ ಎತ್ತುವಿಕೆ ಪಕ್ಕದ ವಾಲುವಿಕೆಯಾಗಿ ಬದಲಾಗುತ್ತದೆ. ಎಡಬದಿ ಕೆಳಗಾಗುತ್ತದೆ, ಡಿಸ್ಕ್ ಎಡಕ್ಕೆ ಜಾರುತ್ತದೆ. ಇದಕ್ಕೆ ಫೇಡ್ ಅನ್ನುತ್ತಾರೆ. ಎಡಗೈಯವರಿಗೆ ಇದು ಪೂರ್ತಿ ಉಲ್ಟಾ, ಬಲಕ್ಕೆ.

ಡಿಸ್ಕಿನ ಮೇಲಿನ ನಾಲ್ಕು ಅಂಕಿ ಇದನ್ನೇ ಹೇಳುತ್ತವೆ. ಮೊದಲನೆಯದು ಸ್ಪೀಡ್, ಎರಡನೆಯದು ಗ್ಲೈಡ್ ಅಂದರೆ ಎಷ್ಟು ಹೊತ್ತು ತೇಲುತ್ತದೆ ಅಂತ. ಮೂರನೆಯದು ಟರ್ನ್, ಜೋರಾಗಿ ಹೋಗುವಾಗ ಶುರುವಿನಲ್ಲಿ ಎಷ್ಟು ಬಲಕ್ಕೆ ವಾಲುತ್ತದೆ ಎಂಬುದು. ನಾಲ್ಕನೆಯದು ಫೇಡ್, ಕೊನೆಯಲ್ಲಿ ಎಷ್ಟು ಎಡಕ್ಕೆ. ನಿಮ್ಮ ಡಿಸ್ಕಿನ ಫೇಡ್ 3. ಅದು ಜಾಸ್ತಿಯೇ. ಆದರೆ ನಿಜವಾದ ತೊಂದರೆ ಮೊದಲನೆಯ ಅಂಕಿಯಲ್ಲಿದೆ.

ಸ್ಪೀಡ್ 12 ಅಂದರೆ ಈ ಡಿಸ್ಕ್ ಅಷ್ಟು ಸ್ಪೀಡಾಗಿ ಹೋಗುತ್ತದೆ ಅಂತ ಅಲ್ಲ. ಅಷ್ಟು ಸ್ಪೀಡಾಗಿ ಎಸೆದರೆ ಮಾತ್ರ ಹೇಳಿದ ಹಾಗೆ ಹಾರುತ್ತದೆ ಅಂತ. ಅಂಗಡಿಯಲ್ಲಿ ಯಾರೂ ಇದನ್ನು ಬಿಡಿಸಿ ಹೇಳುವುದಿಲ್ಲ. ಹೊಸಬರ ಕೈಯಲ್ಲಿ ಆ ಡಿಸ್ಕ್ ತನ್ನ ಓಟದ ಕೊನೆಯ ಹಂತದಿಂದಲೇ ಶುರು ಮಾಡುತ್ತದೆ. ಬಲಕ್ಕೆ ವಾಲುವ ಮಾತೇ ಇಲ್ಲ, ಬರೀ ಫೇಡ್. ಸಂಪಾಜೆ ಘಾಟಿಯನ್ನು ಟಾಪ್ ಗೇರಿನಲ್ಲೇ ಹತ್ತಿಸಲು ಹೋದ ಹಾಗೆ. ಗಾಡಿಯದ್ದೇನೂ ತಪ್ಪಿಲ್ಲ, ಗೇರ್ ತಪ್ಪು. ಇನ್ನೂ ಸ್ಪೀಡಿನದು ತಗೊಳ್ಳಿ ಎಂದವರು ನಿಮ್ಮನ್ನು ಇನ್ನೂ ಬೇಗ ಕೆರೆಗೆ ಕಳಿಸುತ್ತಿದ್ದಾರೆ.

ಭಾರದ ಮಾತೂ ಹಾಗೆಯೇ. ಡಿಸ್ಕಿನ ತೂಕಕ್ಕೆ ಮಿತಿ ಇದೆ. ಅಗಲದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ, ಎಷ್ಟೇ ಅಗಲ ಇದ್ದರೂ 200 ಗ್ರಾಂ ದಾಟುವಂತಿಲ್ಲ. 21.2 ಸೆಂಟಿಮೀಟರ್ ಅಗಲದ ಡ್ರೈವರ್, ಅಂದರೆ ದೂರ ಎಸೆಯುವ ಡಿಸ್ಕ್ ಆದರೆ ಹೆಚ್ಚೆಂದರೆ 176 ಗ್ರಾಂ ಹತ್ತಿರ. ಭಾರದ ಡಿಸ್ಕ್ ಗಾಳಿಗೆ ಅಲುಗುವುದು ಕಡಿಮೆ, ಅದು ನಿಜ. ದೂರ ಹೋಗುತ್ತದೆ ಅನ್ನುವುದು ಮಾತ್ರ ಎಲ್ಲರಿಗೂ ನಿಜವಲ್ಲ. ನಿಧಾನದ ಕೈಗೆ 150-160 ಗ್ರಾಂನದ್ದು ಸುಲಭವಾಗಿ ತಿರುಗುತ್ತದೆ, ಅದೇ ಜಾಸ್ತಿ ದೂರ ಹೋಗುತ್ತದೆ. ನಿಮಗೆ ಬೇಕಾದದ್ದು ಸ್ಪೀಡ್ 4 ಅಥವಾ 5ರ, ಫೇಡ್ 0 ಅಥವಾ 1ರ, ನಡು ದೂರಕ್ಕೆ ಎಸೆಯುವ ಒಂದು ಮಿಡ್‌ರೇಂಜ್ ಮತ್ತು ಹತ್ತಿರದಿಂದ ಹಾಕಲು ಒಂದು ಪಟರ್. ಎರಡೇ ಸಾಕು. ನಾನು ಆಡಿಸುವ ಮಕ್ಕಳಿಗೆ ಮೊದಲ ಮೂರು ತಿಂಗಳು ಡ್ರೈವರ್ ಮುಟ್ಟಲು ಬಿಡುವುದಿಲ್ಲ. ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ.

ಗಾಳಿಯ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಕೆರೆ ಬಯಲಿನಲ್ಲಿ ಗಾಳಿಗೆ ಅಡ್ಡ ಯಾರೂ ಇಲ್ಲ. ಎದುರುಗಾಳಿ ಡಿಸ್ಕನ್ನು ಕೆಳಗೆ ತಳ್ಳುವುದಿಲ್ಲ, ಮೇಲೆತ್ತಿ ಬಲಕ್ಕೆ ವಾಲಿಸುತ್ತದೆ. ಹಿಂದಿನಿಂದ ಬೀಸುವ ಗಾಳಿ ಕೆಳಕ್ಕೆ ಒತ್ತುತ್ತದೆ, ಎಡಕ್ಕೆ ಬೇಗ ಇಳಿಸುತ್ತದೆ. ಗಾಳಿ ಬೆನ್ನಿಗಿದೆ ಅಂತ ಖುಷಿಯಿಂದ ಬಲವಾಗಿ ಎಸೆದು ನೀರು ಸೇರಿಸಿದ್ದು ನಿಮ್ಮ ನಾಲ್ಕರಲ್ಲಿ ಒಂದಾದರೂ ಇರಬೇಕು.

ಈಗ ನಕ್ಷೆಗೆ ಬರೋಣ.

ಕೆರೆಗೆ ಪ್ರದಕ್ಷಿಣೆ ಹಾಕಿ. ದೇವಸ್ಥಾನದಲ್ಲಿ ಸುತ್ತು ಬರುವಾಗ ಗರ್ಭಗುಡಿ ನಮ್ಮ ಬಲಕ್ಕಿರುತ್ತದಲ್ಲ, ಹಾಗೆ ಕೆರೆ ಬಲಕ್ಕಿರಲಿ. ಬಾಸ್ಕೆಟ್‌ಗಳು ಬಹುತೇಕ ಇದ್ದಲ್ಲೇ ಇರಲಿ, ಟೀ ಮಾತ್ರ ಆ ಕಡೆಯಿಂದ ಈ ಕಡೆಗೆ ಬರುತ್ತದೆ. (ಟೀ ಅಂದರೆ ಎಸೆಯಲು ನಿಲ್ಲುವ ಜಾಗ. ಒಮ್ಮೆ ಒಂದು ಪಂಚಾಯಿತಿಯಲ್ಲಿ ಒಂಬತ್ತು ಟೀ ಬೇಕು ಅಂದಾಗ ಸಿಬ್ಬಂದಿ ಹೋಟೆಲಿಗೆ ಹೇಳಿ ಕಳಿಸಿದ್ದರು.) ತಾತ್ಕಾಲಿಕ ಕೋರ್ಸಿನ ದೊಡ್ಡ ಅನುಕೂಲ ಇದೇ. ಕಾಂಕ್ರೀಟ್ ಹಾಕಿಲ್ಲ, ಬೆಳಿಗ್ಗೆ ಎರಡು ಗಂಟೆ ಕೆಲಸ ಮಾಡಿದರೆ ಇಡೀ ಕೋರ್ಸ್ ತಿರುಗಿ ನಿಲ್ಲುತ್ತದೆ. ಆಗ ಬಲಗೈಯವರ ಫೇಡ್ ನೀರಿನಿಂದ ದೂರ, ನೆಲದ ಕಡೆಗೆ ಹೋಗುತ್ತದೆ. ವಾಕಿಂಗ್ ದಾರಿ ಇರುವುದು ಏರಿಯ ಮೇಲೆ, ನೀರಿನ ಪಕ್ಕದಲ್ಲಿ. ಅದರಿಂದಲೂ ಡಿಸ್ಕ್ ದೂರ ಆಗುತ್ತದೆ.

ಇದರಲ್ಲಿ ತೊಂದರೆ ಇಲ್ಲವೇ? ಇದೆ. ಎಡಗೈ ಆಟಗಾರರಿಗೆ ಈಗ ಕೆರೆ ಕಷ್ಟ ಕೊಡುತ್ತದೆ. ಹೊಸಬರು ಡಿಸ್ಕನ್ನು ತಡವಾಗಿ ಬಿಡುತ್ತಾರೆ, ಬೆರಳಿಗೆ ಅಂಟಿಕೊಂಡ ಹಾಗೆ. ಹಾಗೆ ಬಿಟ್ಟದ್ದು ಸೀದಾ ಬಲಕ್ಕೆ ಹೋಗುತ್ತದೆ. ಅದಕ್ಕೆ ಯಾವ ಪ್ರದಕ್ಷಿಣೆಯೂ ಮದ್ದಲ್ಲ. ಮೂರನೆಯದು ಇನ್ನೂ ಮುಖ್ಯ. ದಿಕ್ಕು ಬದಲಿಸಿದರೆ ಏಳನೆಯ ಬಾಸ್ಕೆಟ್ಟಿನ ಎಡಕ್ಕೆ ಉಯ್ಯಾಲೆ, ಜಾರುಬಂಡೆ ಬರುತ್ತವೆ. ನೀರಿಗೆ ಬೀಳುತ್ತಿದ್ದ ಡಿಸ್ಕ್ ಮಕ್ಕಳ ಕಡೆ ಹೋಗಬಾರದು. ಆ ಏಳನೆಯದನ್ನು ತೆಗೆದುಹಾಕಿ. ಎಂಟೇ ಇರಲಿ. ಒಂಬತ್ತು, ಹದಿನೆಂಟು ಅನ್ನುವುದು ರೂಢಿ ಅಷ್ಟೇ, ಎಂಟು ಬಾಸ್ಕೆಟ್ ಆಡಿದರೆ ಯಾರೂ ದಂಡ ಹಾಕುವುದಿಲ್ಲ.

ನಾಲ್ಕನೆಯದರಲ್ಲಿ ಟೀ ದಾರಿಯ ಈಚೆ, ಬಾಸ್ಕೆಟ್ ದಾರಿಯ ಆಚೆ. ವಾಕಿಂಗ್ ಬರುವವರ ತಲೆಯ ಮೇಲೆ ಎಸೆಯಬೇಕು. ಇದನ್ನು ಇಟ್ಟವರ ಕಿವಿ ಹಿಂಡಬೇಕು, ನಿಮ್ಮ ಮಗನೇ ಆಗಿದ್ದರೂ. ಪಾರ್ಕಿನ ಕೋರ್ಸಿನಲ್ಲಿ ಯಾವ ಎಸೆತವೂ ಜನ ನಡೆಯುವ ದಾರಿಯನ್ನು ದಾಟಬಾರದು. ಟೀಯಿಂದ ಬಾಸ್ಕೆಟ್ಟಿನವರೆಗೆ ಪೂರ್ತಿ ಕಾಣಬೇಕು. ತಿರುವಿನ ಆಚೆಗೆ ಎಸೆಯುವ ಚೆಂದ ಎಲ್ಲ ಖಾಲಿ ಗುಡ್ಡದಲ್ಲಿ. ಹೊಸಬರಿಗೆ ಉದ್ದ 40ರಿಂದ 70 ಮೀಟರ್ ಸಾಕು. ಬಾಸ್ಕೆಟ್ ನೀರಿನಿಂದ ಕನಿಷ್ಠ 10 ಮೀಟರ್ ಒಳಗಿರಲಿ, ಇಳಿಜಾರಿನಲ್ಲಿದ್ದರೆ ಇನ್ನೂ ಒಳಗೆ. ಹತ್ತಿರದಿಂದ ಹಾಕಿದ್ದು ತಪ್ಪಿದಾಗ ಅದು ಉರುಳಿ ಹೋಗುವ ದೂರ ಎಷ್ಟು ಅಂತ ಒಮ್ಮೆ ನೋಡಿದರೆ ನಾನು ಯಾಕೆ ಹೇಳುತ್ತಿದ್ದೇನೆ ಗೊತ್ತಾಗುತ್ತದೆ.

ಜನರ ತಕರಾರನ್ನು ತಾತ್ಸಾರ ಮಾಡಬೇಡಿ. ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು, ಸರಿಯಾಗಿ ಹೇಳಬೇಕೆಂದರೆ ಬೇರೆಯವರ ಡಬ್ಬಿಗೆ ಪೆಟ್ಟು ಕೊಟ್ಟು. ನಾನು ಮೊದಲ ಸಲ ಪಾರ್ಕೊಂದರಲ್ಲಿ ಕೋರ್ಸ್ ಹಾಕಿದಾಗ ಸಿಲ್ವರ್ ಓಕ್ ಸಾಲಿನ ಪಕ್ಕ ಒಂದು ಬಾಸ್ಕೆಟ್ ಇಟ್ಟಿದ್ದೆ. ಮೂವತ್ತು ಮೀಟರ್ ಆಚೆಯ ಬೆಂಚಿನಲ್ಲಿ ಒಬ್ಬರು ಊಟದ ಕ್ಯಾರಿಯರ್ ಬಿಚ್ಚಿಕೊಂಡು ಕೂತಿದ್ದರು. ನಾನೇ ಎಸೆದ ಡಿಸ್ಕ್ ಮರಕ್ಕೆ ಬಡಿದು ಪಕ್ಕಕ್ಕೆ ಚಿಮ್ಮಿ ಸೀದಾ ಆ ಸ್ಟೀಲ್ ಡಬ್ಬಿಗೆ ಹೊಡೆಯಿತು. ಡಬ್ಬಿ ನೆಗ್ಗಿ ಮುಚ್ಚಳ ಕೂರದ ಹಾಗಾಯಿತು. ಅವರು ಬೈಯಲಿಲ್ಲ. ನೆಗ್ಗಿದ ಜಾಗದಲ್ಲಿ ಹೆಬ್ಬೆರಳಿಟ್ಟು, "ಪ್ಲಾಸ್ಟಿಕ್ ತಟ್ಟೆ ಅಂದ್ರಲ್ಲಾ ಸಾರ್" ಅಂದರು ಅಷ್ಟೇ. ಆ ಡಬ್ಬಿಯ ಜಾಗದಲ್ಲಿ ಒಂದು ಮಗುವಿನ ಹಣೆ ಇದ್ದಿದ್ದರೆ? ಕಡಲ ದಂಡೆಯಲ್ಲಿ ಹಿಡಿದು ಆಡುವ ಫ್ರಿಸ್ಬಿ ಬೇರೆ, ಇದು ಬೇರೆ. ಇದರ ಅಂಚು ಗಟ್ಟಿ, ಡ್ರೈವರಿನದು ಚೂಪು ಕೂಡ. ಸಾಧಾರಣ ಕೈಯಿಂದಲೂ ಗಂಟೆಗೆ 60 ಕಿಲೋಮೀಟರ್ ಓಟದಲ್ಲಿ ಹೊರಡುತ್ತದೆ.

ಕೊಡವರ ಕೈಲ್‌ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿದ್ದೀರಲ್ಲ. ಕೋವಿ ಹಿಡಿದವರ ಮುಂದೆ ಒಂದು ನರಪಿಳ್ಳೆ ಸುಳಿಯುವುದಿಲ್ಲ. ಯಾರೂ ಬೋರ್ಡ್ ಹಾಕಿರುವುದಿಲ್ಲ, ಮಕ್ಕಳಿಗೂ ಗೊತ್ತು. ಅದೇ ಶಿಸ್ತು ಇಲ್ಲಿಗೂ ಬರಲಿ. ಎಲ್ಲರೂ ಎಸೆಯುವವರ ಹಿಂದೆ. ಮುಂದೆ ಯಾರಾದರೂ ಕಂಡರೆ ಅವರು ದಾಟುವವರೆಗೆ ಕಾಯುವುದು, ಅವರನ್ನು ಓಡಿಸುವುದಲ್ಲ. ಪಾರ್ಕ್ ಮೊದಲು ಅವರದ್ದು. ಬೆಳಿಗ್ಗೆ ಆರರಿಂದ ಎಂಟರವರೆಗೆ ಆಟ ಬೇಡವೇ ಬೇಡ. ಬೆಳಗಿನಲ್ಲಿ ಗಾಳಿ ಕಡಿಮೆ, ಆಡಲು ಚೆಂದ, ನನಗೂ ಗೊತ್ತು. ಆದರೂ ಬೇಡ. ಹೇಗೂ ಇಬ್ಬನಿಗೆ ಡಿಸ್ಕ್ ಕೈಯಿಂದ ಜಾರುತ್ತದೆ.

ಅನುಮತಿಯನ್ನು ಬಾಯಿಮಾತಿನಲ್ಲಿ ಮುಗಿಸಬೇಡಿ. ಕೆರೆ ಒಬ್ಬರದ್ದು, ಪಾರ್ಕ್ ಇನ್ನೊಬ್ಬರದ್ದು ಆಗಿರುವುದು ಉಂಟು. ಪಂಚಾಯಿತಿಯೋ ಪುರಸಭೆಯೋ ನೀರಾವರಿಯವರೋ, ಯಾರ ಕೈಯಲ್ಲಿದೆಯೋ ಅವರಿಂದ ಬರಹದಲ್ಲಿ ಪಡೆಯಿರಿ. ತಾರೀಕು, ಹೊತ್ತು, ಎಷ್ಟು ಬಾಸ್ಕೆಟ್ ಎಂದು ಅದರಲ್ಲಿರಲಿ. ತಾತ್ಕಾಲಿಕ ಅಂದರೆ ನಮ್ಮವರಿಗೆ ಅರ್ಥವಾಗುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಗ್ಯಾಲರಿ ಏಳುವುದನ್ನೂ, ಹಬ್ಬ ಮುಗಿದ ಮೇಲೆ ಅದನ್ನು ಬಿಚ್ಚುವುದನ್ನೂ ನೋಡುತ್ತಲೇ ಬಂದಿದ್ದೇವೆ. ಇದನ್ನೂ ಹಾಗೇ ಬಿಚ್ಚಿ ಒಯ್ಯುತ್ತೇವೆ ಅಂದರೆ ಅರ್ಧ ವಿರೋಧ ಅಲ್ಲೇ ಇಳಿಯುತ್ತದೆ.

ಇನ್ನು ಮಗ ನೀರಿಗಿಳಿದದ್ದು. ನಿಮ್ಮ ಮನೆಯವರ ಸಿಟ್ಟು ನೂರಕ್ಕೆ ನೂರು ಸರಿ. ನಾನು ಅವರ ಪಕ್ಷ.

ನಮ್ಮ ಕೆರೆಗಳ ಅಂಚನ್ನು ನಂಬುವ ಹಾಗಿಲ್ಲ. ಜೆಸಿಬಿ ತಂದು ಹೂಳು ತೆಗೆಸಿದ ಕೆರೆಯಲ್ಲಿ ದಡದಿಂದ ಎರಡು ಹೆಜ್ಜೆ ಮೊಣಕಾಲುದ್ದ ಇರುತ್ತದೆ, ಮೂರನೆಯ ಹೆಜ್ಜೆಗೆ ಆಳು ಮುಳುಗುತ್ತಾನೆ. ಹೂಳು ತೆಗೆಯದ ಕೆರೆಯಲ್ಲಿ ನಿಮ್ಮ ಮಗನಿಗೆ ಆದದ್ದು ಆಗುತ್ತದೆ. ಕೆಸರು ಕಾಲನ್ನು ಹಿಡಿದುಕೊಳ್ಳುತ್ತದೆ, ಒಂದು ಕಾಲು ಕಿತ್ತರೆ ಇನ್ನೊಂದು ಇಳಿಯುತ್ತದೆ. ಈಜು ಬಂದರೂ ಅಲ್ಲಿ ಉಪಯೋಗಕ್ಕಿಲ್ಲ, ಯಾಕೆಂದರೆ ಅದು ನೀರೂ ಅಲ್ಲ, ನೆಲವೂ ಅಲ್ಲ. ಅಂತರಗಂಗೆ ಬೆಳೆದಿದ್ದರೆ ಕೆಳಗೆ ಏನಿದೆ ಅಂತಲೇ ಕಾಣುವುದಿಲ್ಲ. ತೂಬಿನ ಹತ್ತಿರವಂತೂ ಬಾಸ್ಕೆಟ್ಟನ್ನೇ ಇಡಬೇಡಿ.

ಆಟದ ನಿಯಮ ಇಲ್ಲಿ ನಿಮ್ಮ ಕಡೆಗಿದೆ. ಕಳೆದುಹೋದ ಡಿಸ್ಕ್ ಹುಡುಕಲು ಸಿಗುವುದು ಮೂರೇ ನಿಮಿಷ. ನೀರನ್ನು ಓಬಿ, ಅಂದರೆ ಗಡಿಯಾಚೆ ಎಂದು ಮೊದಲೇ ಸಾರಿದ್ದರೆ ಅಲ್ಲಿ ಬಿದ್ದದ್ದಕ್ಕೆ ಒಂದು ಎಸೆತ ದಂಡ. ಡಿಸ್ಕ್ ಗಡಿ ದಾಟಿದ ಜಾಗದಿಂದಲೋ, ಗುರುತು ಮಾಡಿಟ್ಟ ಡ್ರಾಪ್ ಜೋನಿನಿಂದಲೋ ಮುಂದಿನ ಎಸೆತ. ಅಷ್ಟೇ. ಡಿಸ್ಕ್ ತರಲೇಬೇಕು ಅಂತ ಎಲ್ಲೂ ಇಲ್ಲ. ಒಂದು ಸೂಕ್ಷ್ಮ ಮಾತ್ರ ನೆನಪಿರಲಿ. ನೀರು ತಾನಾಗಿಯೇ ಓಬಿ ಆಗುವುದಿಲ್ಲ. ಆಟ ನಡೆಸುವವರು ಮೊದಲೇ ಹೇಳಬೇಕು. ನಿಮ್ಮ ಹುಡುಗರು ಹೇಳಿರಲಿಲ್ಲ ಅನಿಸುತ್ತದೆ, ಅದಕ್ಕೇ ಮಗ ಇಳಿದದ್ದು. ಏಪ್ರಿಲ್ಲಿನಲ್ಲಿ ಹೇಳಲಿ. ಜೊತೆಗೆ ನಮ್ಮದೇ ಒಂದು ನಿಯಮವೂ ಇರಲಿ. ನೀರಿಗೆ ಕಾಲಿಟ್ಟವರು ಅವತ್ತು ಆಟದಿಂದ ಹೊರಗೆ.

ತೇಲುವ ಡಿಸ್ಕ್ ಸಿಗುತ್ತದಲ್ಲ ಎಂದು ನಿಮ್ಮ ಮಗ ಹೇಳಬಹುದು. ಸಿಗುತ್ತದೆ. ಸಾಮಾನ್ಯದವು ಮುಳುಗುತ್ತವೆ, ಕೆಲವನ್ನು ತೇಲಲೆಂದೇ ಮಾಡುತ್ತಾರೆ. ಕೆರೆ ಪಕ್ಕ ಹೊಸಬರಿಗೆ ಅದನ್ನು ಕೊಡಲು ನನಗೆ ಮನಸ್ಸಿಲ್ಲ. ಮುಳುಗಿದ್ದಕ್ಕೆ ಯಾರೂ ಕೈ ಚಾಚುವುದಿಲ್ಲ. ಎರಡು ಮಾರು ದೂರದಲ್ಲಿ ತೇಲುತ್ತಾ ನಿಂತದ್ದೇ ಜನರನ್ನು ನೀರಿಗೆ ಕರೆಯುವುದು. ಬೇಕೆಂದರೆ ದೋಟಿಯ ತುದಿಗೆ ತಂತಿಯ ಬಳೆ ಕಟ್ಟಿ ಇಟ್ಟುಕೊಳ್ಳಿ, ದಡದಲ್ಲಿ ನಿಂತು ಎಟುಕಿದ್ದು ನಿಮ್ಮದು. ಪಕ್ಕದಲ್ಲಿ ಒಂದು ಉದ್ದ ಹಗ್ಗ, ಗಾಳಿ ತುಂಬಿದ ಲಾರಿ ಟ್ಯೂಬ್ ಇರಲಿ. ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ಪಡೆದವರಿದ್ದರೆ ಅವರ ಸ್ನೇಹ ಮಾಡಿಕೊಳ್ಳಿ. ಬಲೆ ಎಳೆಯುವಾಗ ಡಿಸ್ಕ್ ಬಂದರೆ ಎತ್ತಿಡುತ್ತಾರೆ. ಡಿಸ್ಕಿನ ಒಳಬದಿಗೆ ಹೆಸರು ಬರೆಯಿರಿ, ಬಣ್ಣ ಕಿತ್ತಳೆಯೋ ಗುಲಾಬಿಯೋ ಇರಲಿ. ಹಸಿರು, ನೀಲಿ ತಗೊಂಡರೆ ಹುಲ್ಲಿನಲ್ಲೂ ಕಾಣುವುದಿಲ್ಲ.

ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲದ ಒಂದು ವಿಷಯ ನನಗೆ ಕೆರೆಗಿಂತ ಜಾಸ್ತಿ ಭಯ. ಹೆಜ್ಜೇನು. ಜನವರಿಯಲ್ಲಿ ನೀವು ಬಚಾವಾಗಿರಬಹುದು. ಕಾಫಿ ಹೂ ಬಿಟ್ಟ ಮೇಲೆ, ಕಾಡು ಮರಗಳು ಹೂವಾದ ಮೇಲೆ, ಎತ್ತರದ ಮರಗಳಲ್ಲಿ ಹುಟ್ಟು ಕಟ್ಟಿರುತ್ತವೆ. ಡಿಸ್ಕ್ ಮರಕ್ಕೆ ಹೊಡೆಯುವುದು ಈ ಆಟದಲ್ಲಿ ದಿನಾ ಇಪ್ಪತ್ತು ಸಲ ಆಗುವ ಮಾತು. ಒಂದೇ ಒಂದು ಸಲ ಅದು ಹುಟ್ಟಿನ ಕೊಂಬೆಗೆ ತಗುಲಿದರೂ ಸಾಕು. ಓಡಿದರೂ ಅಟ್ಟಿಸಿಕೊಂಡು ಬರುತ್ತವೆ, ನೀರಿಗೆ ಹಾರಿದರೆ ಮೇಲೆಯೇ ಸುತ್ತುತ್ತವೆ. ಬಾಸ್ಕೆಟ್ ಇಡುವ ಹಿಂದಿನ ದಿನ ಬಿಸಿಲಿನಲ್ಲಿ ಒಬ್ಬರು ಪ್ರತಿ ಮರವನ್ನೂ ಬುಡದಿಂದ ತುದಿಯವರೆಗೆ ನೋಡಬೇಕು. ಕೊಂಬೆಯ ಅಡಿಗೆ ಕಪ್ಪಗೆ, ಮೊರದ ಹಾಗೆ ಜೋತಿದ್ದರೆ ಆ ಭಾಗದಲ್ಲಿ ಆಟವೇ ಬೇಡ. ಹೊಗೆ ಹಾಕಿ ಓಡಿಸುತ್ತೇವೆ ಅನ್ನುವ ಶೂರರು ಊರಿಗೊಬ್ಬರು ಇದ್ದೇ ಇರುತ್ತಾರೆ. ಅವರಿಗೆ ಬೇರೆ ಕೆಲಸ ಕೊಡಿ. ಕೊಂಬೆಯಲ್ಲಿ ಸಿಕ್ಕಿಕೊಂಡ ಡಿಸ್ಕನ್ನು ಕಲ್ಲು ಬೀರಿ ಬೀಳಿಸುವುದೂ ಇದೇ ಕಾರಣಕ್ಕೆ ಬೇಡ.

ಮರಕ್ಕೆ ಹಾನಿ ಆಗುತ್ತದೆಯೇ ಅಂತ ಪಾರ್ಕಿನವರು ಕೇಳಿಯೇ ಕೇಳುತ್ತಾರೆ. ಆಗುತ್ತದೆ, ಮುಚ್ಚಿಡಬೇಡಿ. ಒಂದೇ ಕಡೆ ಪದೇ ಪದೇ ಬಡಿದರೆ ತೊಗಟೆ ಏಳುತ್ತದೆ, ಎಳೆ ಗಿಡಗಳಂತೂ ಮುರಿಯುತ್ತವೆ. ಬಾಸ್ಕೆಟ್ ಸುತ್ತ ತುಳಿದು ತುಳಿದು ಹುಲ್ಲು ಸಾಯುತ್ತದೆ. ಎರಡು ವಾರದ ಆಟಕ್ಕೆ ಇದು ದೊಡ್ಡದಲ್ಲ, ನಡುವೆ ಒಮ್ಮೆ ಬಾಸ್ಕೆಟ್ಟನ್ನು ಹತ್ತು ಹೆಜ್ಜೆ ಸರಿಸಿದರೆ ನೆಲ ಸುಧಾರಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಮಾತ್ರ ಬೇಡ. ಜೂನ್ ನಂತರ ನಮ್ಮ ನೆಲ ಒಂದು ಕಾಲು ತಡೆಯುವುದಿಲ್ಲ, ಜಿಗಣೆಯ ಮಾತು ಬಿಡಿ.

ಏಪ್ರಿಲ್ ಅಂದಿರಿ. ಮಧ್ಯಾಹ್ನದ ಮೇಲೆ ಗುಡುಗು ಬರುವ ತಿಂಗಳು. ಬಯಲು, ನೀರು, ಒಂಟಿ ಮರ, ಕಬ್ಬಿಣದ ಸರಪಳಿ ನೇತಾಡುವ ಬಾಸ್ಕೆಟ್, ಸಿಡಿಲಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಮೊದಲ ಗುಡುಗಿಗೇ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆ ಹೊರಗೆ ಬನ್ನಿ.

ಮೊಣಕೈಗೆ ಬರುತ್ತೇನೆ. ನಾನು ವೈದ್ಯ ಅಲ್ಲ, ಆದರೆ ಈ ನೋವನ್ನು ಬಹಳ ಸಲ ನೋಡಿದ್ದೇನೆ. ಪಕ್ಕದಿಂದ ಎಸೆಯುವುದು, ಫೋರ್‌ಹ್ಯಾಂಡ್, ತಪ್ಪು ಎಸೆತವಲ್ಲ. ಅದರಲ್ಲಿ ಡಿಸ್ಕ್ ಉಲ್ಟಾ ತಿರುಗುತ್ತದೆ, ಬಲಕ್ಕೆ ಇಳಿಯುತ್ತದೆ. ನಿಮ್ಮ ಯೋಚನೆ ಸರಿಯಾಗಿಯೇ ಇತ್ತು. ಆದರೆ ಅದಕ್ಕೆ ಬೇಕಾದದ್ದು ಮಣಿಕಟ್ಟಿನ ಚಿಟಿಕೆ, ನೀವು ಹಾಕಿದ್ದು ಇಡೀ ತೋಳಿನ ಬಲ. ಅದೂ ಬಿಸಿ ಮಾಡದ ಮೈಯಲ್ಲಿ, ಸ್ಪೀಡ್ 12ರ ಡಿಸ್ಕಿನಲ್ಲಿ. ಎರಡು ಮೂರು ವಾರ ಎಸೆಯುವುದನ್ನು ಪೂರ್ತಿ ನಿಲ್ಲಿಸಿ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದರೆ ಅಥವಾ ವಿಶ್ರಾಂತಿಯಲ್ಲೂ ನೋವು ಇಳಿಯದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಕಡಿಮೆಯಾದ ಮೇಲೆ ಪಟರ್ ಹಿಡಿದು 15 ಮೀಟರ್‌ನಿಂದ ಶುರು ಮಾಡಿ. ಕೆರೆಗೆ ಬೆನ್ನು ಹಾಕಿ.

"ಇದೂ ಒಂದು ಆಟಾನಾ" ಎಂದು ವಾಕಿಂಗಿನವರು ಕೇಳಿದರೆ ಹೇಳಲು ಒಂದು ಕತೆ ಇರಲಿ. ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ 1975ರಲ್ಲಿ ಮೊದಲ ಕಾಯಂ ಕೋರ್ಸ್ ಹಾಕಿದವರು ಎಡ್ ಹೆಡ್ರಿಕ್. ಸರಪಳಿಯ ಬಾಸ್ಕೆಟ್ ಅವರದ್ದೇ ಯೋಚನೆ, 1976ರಲ್ಲಿ ಆಟಗಾರರ ಸಂಘ ಕಟ್ಟಿದ್ದೂ ಅವರೇ. 2002ರಲ್ಲಿ ತೀರಿಕೊಂಡಾಗ ಅವರ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕ್ ಮಾಡಿದರು. ಅಷ್ಟು ಹುಚ್ಚು ನಮಗೆ ಬೇಡ ಬಿಡಿ.

ಹುಡುಗರಿಗೆ ಸರಿ ಅನ್ನಿ. ಆದರೆ ದಿಕ್ಕು ಬದಲಾಗಬೇಕು, ನಾಲ್ಕನೆಯ ಬಾಸ್ಕೆಟ್ ಜಾಗ ಬದಲಿಸಬೇಕು, ಏಳನೆಯದು ಏಳಬೇಕು, ಮರ ನೋಡಿ ಬಂದ ಮೇಲೆಯೇ ಒಂದೊಂದು ಬಾಸ್ಕೆಟ್ ನೆಲಕ್ಕೆ ಇಳಿಯಬೇಕು. ಇದಕ್ಕೆ ಒಪ್ಪದಿದ್ದರೆ ಬೇಡ ಅನ್ನಿ, ನನ್ನ ಹೆಸರು ಹೇಳಿಯೇ ಅನ್ನಿ.

ಹೋದ ನಾಲ್ಕು ಡಿಸ್ಕಿಗೆ ಹೊಸದು ಕೊಳ್ಳಲು ಅವಸರ ಮಾಡಬೇಡಿ. ಮೇ ಕೊನೆಯ ಹೊತ್ತಿಗೆ ನೀರು ಹಿಂದಕ್ಕೆ ಸರಿದು ಅಂಚು ಬಿರುಕು ಬಿಟ್ಟಿರುತ್ತದೆ. ಮಳೆ ಹಿಡಿಯುವ ಮೊದಲು ಒಂದು ದಿನ ದೋಟಿ ಹಿಡಿದುಕೊಂಡು, ಒಣಗಿದ ನೆಲದ ಮೇಲೆ ಮಾತ್ರ ನಡೆಯುತ್ತಾ ಒಂದು ಸುತ್ತು ಹೋಗಿ. ಒಂದೆರಡಾದರೂ ಕೆಸರಿನಿಂದ ಅಂಚು ತೋರಿಸುತ್ತಾ ನಿಂತಿರುತ್ತವೆ. ಸ್ಪೀಡ್ 12ರದ್ದು ಸಿಕ್ಕಿದರೆ ತೊಳೆದು ಮಗನಿಗೆ ವಾಪಸ್ ಕೊಡಿ.